ಕಹಳೆಗೆ ತುರುಕಿದ ಹತ್ತಿ

ಕಟ್ಟಡಕ್ಕೆ ಗಂಟಲು ಬಂದರೆ ಅದು ಏನು ಹಾಡೀತು? ದಾವಣಗೆರೆಯಲ್ಲಿ ಹಳೆಯ ಹತ್ತಿ ಮಿಲ್ಲಿದ್ದ ಜಾಗದಲ್ಲಿ ಎದ್ದುನಿಂತ ಇಪ್ಪತ್ತೆರಡು ಮಹಡಿಯ ಮನೆಗಳವರನ್ನು ಕೇಳಿದ್ದರೆ, “ಅದು ಹಾಡಲ್ಲ, ಹಚ್ಚಿಟ್ಟ ದೀಪ ಊದಿ ಆರಿಸುತ್ತೆ” ಎಂದು ಮುಖ ಗಂಟು ಹಾಕಿಕೊಂಡು ಹೇಳುತ್ತಿದ್ದರು.

ಮಿಲ್ ಗೋಪುರ ಎಂದು ಊರವರೆಲ್ಲ ಕರೆಯುತ್ತಿದ್ದ ಆ ಕಟ್ಟಡದಲ್ಲಿ ಬೆಂಕಿಯನ್ನು ಆರಿಸುತ್ತಿದ್ದುದು ನೀರಲ್ಲ, ಸದ್ದು. ಕಾದ ಎಣ್ಣೆಗೆ ಹತ್ತಿದ ಬೆಂಕಿಯ ಮೇಲೆ ನೀರು ಬಿದ್ದರೆ ಅದು ನಾಲ್ಕು ಗೋಡೆಗೂ ಹಾರುತ್ತದೆ; ಮೇಲಿನ ಮನೆಯಲ್ಲಿ ಸುರಿದ ನೀರು ಕೆಳಗಿನ ಮೂರು ಮನೆಗಳ ಹಾಸಿಗೆ ತೋಯಿಸುತ್ತದೆ. ಅದಕ್ಕೇ ಪ್ರತಿ ಅಡುಗೆಮನೆಯ ಸೂರಿನಲ್ಲೂ ಒಂದು ಕಹಳೆ ಕೂರಿಸಿದ್ದರು. ಅದರ ಸ್ವರ ಎಷ್ಟು ಆಳದ್ದೆಂದರೆ ಕಿವಿಗೆ ಅರ್ಧ ಕೇಳುತ್ತಿತ್ತು, ಉಳಿದರ್ಧ ಎದೆಗೆ ತಾಕುತ್ತಿತ್ತು. ಆ ಸ್ವರ ಹವೆಯನ್ನು ಹಿಂದಕ್ಕೂ ಮುಂದಕ್ಕೂ ಜೋರಾಗಿ ತೂಗುತ್ತದೆ. ಹವೆ ತೂಗಿದಾಗ ಉರಿ ತನ್ನ ಉರುವಲಿನ ಹಿಡಿತ ತಪ್ಪಿ, ನಿಲ್ಲಲು ನೆಲೆಯಿಲ್ಲದೆ ಆರಿಹೋಗುತ್ತದೆ.

ಇನ್ನುಳಿದದ್ದೆಲ್ಲ ಎಲ್ಲ ಎತ್ತರದ ಕಟ್ಟಡಗಳಲ್ಲಿ ಇರುವಂಥದೇ. ಹೊಗೆ ನುಗ್ಗದ ಮೆಟ್ಟಿಲು, ತಾನೇ ಮುಚ್ಚಿಕೊಳ್ಳುವ ಬಾಗಿಲು, ಅಪಾಯದ ಹೊತ್ತಿನಲ್ಲಿ ಜನ ಬಂದು ನಿಲ್ಲಲೆಂದು ನಡುವೆ ಖಾಲಿ ಬಿಟ್ಟ ಆಸರೆ ಮಹಡಿ. ಆ ಖಾಲಿ ಮಹಡಿ ಸಂಡಿಗೆ ಒಣಹಾಕುವುದಕ್ಕೆಂದೇ ದೇವರು ಕೊಟ್ಟದ್ದು ಎಂದು ಹೆಂಗಸರು ತಿಳಿದಿದ್ದರು. ವಾರಕ್ಕೊಮ್ಮೆ ನೀಲಾಂಬಿಕೆ ಹೋಗಿ ಜಗಳವಾಡಿ ಚಾಪೆ ಸುತ್ತಿಸುತ್ತಿದ್ದಳು. ಜಗಳ ಮುಗಿದ ಮೇಲೆ ಅವಳ ಕೈಯಲ್ಲೊಂದು ಡಬ್ಬಿ ಸಂಡಿಗೆ ಇರುತ್ತಿತ್ತು.

ನೀಲಾಂಬಿಕೆ ಗೋಪುರದ ಅಗ್ನಿಕೋಣೆಯ ಮುಖ್ಯಸ್ಥೆ. ನೆಲಮಹಡಿಯ ಆ ಕೋಣೆಯ ಗೋಡೆ ತುಂಬ ಪರದೆಗಳು. ಯಾವ ಮನೆಯಲ್ಲಿ ಯಾವ ಉರಿ ಹೇಗೆ ಕುಣಿಯುತ್ತಿದೆ ಎಂಬುದು ಅಲ್ಲಿ ಗೆರೆಗಳಾಗಿ ಕಾಣುತ್ತಿತ್ತು. ಉರಿಯೆಲ್ಲ ಕುಣಿಯುತ್ತದೆ. ಸಣ್ಣ ಉರಿಯದು ಚುರುಕು ಕುಣಿತ, ದೊಡ್ಡ ಉರಿಯದು ನಿಧಾನದ ಕುಣಿತ. ಕಟ್ಟಡ ನೋಡುತ್ತಿದ್ದದ್ದು ಆ ಕುಣಿತದ ತಾಳವನ್ನೇ. ದೇವರ ಮುಂದಿನ ದೀಪ ಚುರುಕಾಗಿ ಮಿಡಿದರೆ ಸುಮ್ಮನಿರುತ್ತಿತ್ತು. ಪರದೆ ಬಟ್ಟೆಗೆ ಹತ್ತಿದ ಬೆಂಕಿ ನಿಧಾನವಾಗಿ ತೂಗಾಡಿದರೆ ಕಹಳೆ ಊದುತ್ತಿತ್ತು. ಆ ಗುಂಯ್ ಸದ್ದಿಗೆ ಹತ್ತಿರದ ಮನೆಗಳ ಕೂಸುಗಳು ಎಂಥ ಅಳುವನ್ನೂ ಬಿಟ್ಟು ನಿದ್ದೆ ಹೋಗುತ್ತಿದ್ದವು. ತಿಂಗಳಿಗೊಮ್ಮೆ ಕಹಳೆಗಳ ಪರೀಕ್ಷೆಯ ದಿನ ಬಾಣಂತಿಯರು ತೊಟ್ಟಿಲು ಅಡುಗೆಮನೆಗೆ ತಂದಿಟ್ಟುಕೊಂಡು ಕಾಯುವುದೂ ರೂಢಿಯಾಗಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ಹೋದ ವರ್ಷದ ಗೌರಿ ಹುಣ್ಣಿಮೆಯವರೆಗೆ.

ಗೌರಿ ಹುಣ್ಣಿಮೆಗೆ ಆ ಸೀಮೆಯಲ್ಲಿ ಸಕ್ಕರೆ ಆರತಿ. ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಎರೆದು ಬಸವಣ್ಣ, ಗಿಳಿ, ಆನೆ ಮಾಡಿ ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ, ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದಲೇ ಸೀರೆ, ಹೂವು, ಸಕ್ಕರೆ ಗೊಂಬೆ ಬರುತ್ತವೆ. ನೀಲಾಂಬಿಕೆಯ ನಾದಿನಿ ಶಿವಲೀಲಾಳಿಗೆ ಹರಿಹರದ ಸಂಬಂಧ ಗೊತ್ತಾಗಿತ್ತು. ಗಂಡಿನ ಅಜ್ಜಿ ಗುರುಸಿದ್ಧವ್ವ ತಾನೇ ಗೊಂಬೆ ಹೊತ್ತು ಬಂದಿದ್ದಳು. ಗೋಪುರದ ನಡುಅಂಗಳದಲ್ಲಿ ಮೊದಲ ಸಲ ಗೌರಿಯನ್ನು ಕೂರಿಸಿ ಹೆಂಗಸರೆಲ್ಲ ತಟ್ಟೆ ಹಿಡಿದು ಭುಜಕ್ಕೆ ಭುಜ ತಾಕಿಸಿ ನಿಂತರು. ಹಾಡು ಎರಡನೇ ನುಡಿಗೆ ಬಂದಿತ್ತು. ಅಂಗಳದ ದೊಡ್ಡ ಕಹಳೆ ಒಮ್ಮೆ ಗುಂಯ್ ಎಂದಿತು, ಅಷ್ಟೇ. ಒಂದೇ ಉಸಿರಿಗೆ ಎಲ್ಲ ದೀಪ ಆರಿಹೋದವು.

ಗುರುಸಿದ್ಧವ್ವ ಕೂಗಾಡಲಿಲ್ಲ. ಸೆರಗು ಹೊದ್ದು ಎದ್ದು ನಿಂತು, “ಮುಂದಿನ ವರ್ಷದ ಗೌರಿ ಹುಣ್ಣಿಮೆಗೆ ಬರ್ತೀವಿ. ಇದೇ ಅಂಗಳದಾಗೆ ಹಾಡು ಮುಗಿಯತನಕ ಹುಡುಗಿ ದೀಪ ನಿಂತರೆ ಮದುವೆ ಮಾತು” ಎಂದು ಹೇಳಿ ಹೊರಟುಬಿಟ್ಟಳು.

ಅತ್ತ ಮನೆಗಳವರ ಸಭೆಯಲ್ಲೂ ತೀರ್ಮಾನವಾಯಿತು. ಇನ್ನೊಂದು ಸಲ ಕಹಳೆ ಹಬ್ಬದ ದೀಪ ಆರಿಸಿದರೆ ಕಹಳೆಗಳನ್ನೆಲ್ಲ ಕಿತ್ತು ಹಾಕುವುದು. ನೀಲಾಂಬಿಕೆ ಎಷ್ಟು ಬಿಡಿಸಿ ಹೇಳಿದರೂ ಕೈಗಳು ಎತ್ತಿದ್ದು ಎತ್ತಿದ ಹಾಗೇ ಇದ್ದವು. ಎಲ್ಲಕ್ಕಿಂತ ಮೊದಲು ಎದ್ದ ಕೈ ಅವಳ ಅತ್ತೆ ಹಾಲಮ್ಮನದು.

*

ಈಗ ಹಬ್ಬ ಮತ್ತೆ ಬಂದಿತ್ತು.

“ನೀಲಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ,” ಎಂದಳು ಹಾಲಮ್ಮ, ಒಂಬತ್ತನೇ ಮಹಡಿಯ ತಮ್ಮ ಅಡುಗೆಮನೆಯಲ್ಲಿ ಸಕ್ಕರೆ ಪಾಕ ತಿರುವುತ್ತ. “ಹುಣ್ಣಿಮೆ ದಿನ ಸಂಜೆ ಒಂದು ತಾಸು ಆ ನಿನ್ನ ಸದ್ದಿನ ಪೆಟ್ಟಿಗೆ ಬಂದ್ ಮಾಡಿಬಿಡು. ಯಾರಿಗೆ ಗೊತ್ತಾಗ್ತೈತೆ?”

“ಬೆಂಕಿಗೆ ಗೊತ್ತಾಗ್ತೈತೆ, ಅತ್ತೆ. ಅವತ್ತು ಸಂಜೆ ಎಲ್ಲರ ಮನೇಲೂ ಬಾಣಲೆ ಇಟ್ಟಿರ್ತಾರೆ. ಮಂದಿಯೆಲ್ಲ ಅಂಗಳಕ್ಕೆ ಬಂದಿರ್ತಾರೆ. ಬಂದ್ ಮಾಡಬಾರದ ಹೊತ್ತು ಅಂದ್ರೆ ಅದೇ.”

“ನಾನೂ ಬೆಂಕಿ ಕಂಡಾಕೀನೇ,” ಎಂದು ಹಾಲಮ್ಮ ಎಡಗೈ ತೋರಿಸಿದಳು. ಮುಂಗೈಯಿಂದ ಮೊಣಕೈವರೆಗೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಅವಳು ಮಿಲ್ಲಿನಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಅರಳೆ ಗೋದಾಮಿಗೆ ಬೆಂಕಿ ಬಿದ್ದಾಗ ಆದದ್ದು. “ಹತ್ತಿ ಹೆಂಗೆ ಉರೀತೈತೆ ಅಂತ ನನಗೆ ಕಲಿಸ್ಬ್ಯಾಡ. ಆದ್ರೆ ಶಿವಲೀಲಾನ ಮುಖ ನೋಡು ಒಂದು ಸಲ.”

ಶಿವಲೀಲಾ ಬಾಗಿಲಿಗೆ ಒರಗಿ ಸಕ್ಕರೆ ಗಿಳಿಯ ಕೊಕ್ಕು ಮುರಿದು ತಿನ್ನುತ್ತಿದ್ದಳು. “ನನ್ನ ಮುಖಕ್ಕೇನಾಗೈತೆ, ಅವ್ವಾ? ಮುರುಗೇಶ ಫೋನ್ ಮಾಡಿದ್ದ. ಅವರಜ್ಜಿ ಈಗ್ಲೇ ಹೊಸ ಸೀರೆಗೆ ಇಸ್ತ್ರಿ ಹಾಕ್ಸಿ ಇಟ್ಟಾಳಂತೆ. ಮದುವೆ ಮುರಿಯಾಕೆ ಬರೋರು ಹೊಸ ಸೀರೆ ಉಟ್ಕೊಂಡು ಬರ್ತಾರಾ?”

“ಗಿಳಿ ತಿನ್ಬ್ಯಾಡ, ಅದು ಆರತೀದು,” ಎಂದು ಗದರಿಸಿದಳು ಹಾಲಮ್ಮ.

ಶಿವಲೀಲಾ ನಕ್ಕಳೇನೋ ಹೌದು; ಆದರೆ ಅತ್ತಿಗೆಯ ಹಿಂದೆಯೇ ಲಿಫ್ಟಿನವರೆಗೂ ಬಂದು ಕೈ ಹಿಡಿದುಕೊಂಡಳು. “ಅತ್ತಿಗೆ, ಬಂದ್ ಮಾಡಬ್ಯಾಡಿ. ಆದ್ರೆ ನನ್ನ ದೀಪ ಆರಬಾರ್ದು. ಎರಡೂ ಆಗ್ಬೇಕು.”

“ಎರಡೂ ಬೇಕು ಅನ್ನೋದು ನಿಮ್ಮ ಮನೆತನದ ಗುಣ,” ಎಂದಳು ನೀಲಾಂಬಿಕೆ. ಆ ಗುಣ ಅವಳಿಗೂ ಅಂಟಿಕೊಂಡು ಬಹಳ ದಿನವಾಗಿತ್ತು.

ಅಗ್ನಿಕೋಣೆಯಲ್ಲಿ ಅವಳ ಜೊತೆಗಾರ ದಾದಾಪೀರ್ ಮೇಜಿನ ತುಂಬ ಹಣತೆ ಹರಡಿಕೊಂಡು ಕೂತಿದ್ದ. ಇಬ್ಬರೂ ವಾರದಿಂದ ಇದನ್ನೇ ಮಾಡುತ್ತಿದ್ದರು. ಒಂದು ಹಣತೆ ಹಚ್ಚಿದರೆ ಪರದೆಯ ಗೆರೆ ಚುರುಕಾಗಿ ಮಿಡಿಯುತ್ತಿತ್ತು, ಕಟ್ಟಡ ದೀಪ ಎನ್ನುತ್ತಿತ್ತು. ದೂರದಲ್ಲೊಂದು ಹಚ್ಚಿದರೆ ಎರಡು ದೀಪ ಎನ್ನುತ್ತಿತ್ತು. ಗುಂಪಾಗಿ ಹಚ್ಚಿದರೆ ಮಾತ್ರ ಕೆಂಪು ಗೆರೆ ಎದ್ದು ಬೆಂಕಿ ಎನ್ನುತ್ತಿತ್ತು.

“ಇದಕ್ಕೆ ಎಣಿಸಾಕೆ ಬರಲ್ಲ, ನೀಲವ್ವ. ಎರಡರ ಮೇಲೆ ಎಲ್ಲ ಬೆಂಕೀನೇ,” ಎಂದ ದಾದಾಪೀರ್.

“ಎಣಿಕೆ ಬರ್ತೈತೆ, ಪೀರಣ್ಣ. ಇನ್ನೇನೋ ಐತೆ.”

ನೀಲಾಂಬಿಕೆ ಅತ್ತೆಯ ಆರತಿ ತಟ್ಟೆಯನ್ನೇ ತಂದಿದ್ದಳು. ಅದರಲ್ಲಿ ಹಣತೆಗಳನ್ನು ಒತ್ತಾಗಿ ಜೋಡಿಸಿ ಹಚ್ಚಿ, ಈ ಸಲ ಪರದೆ ಬಿಟ್ಟು ಉರಿಗಳನ್ನೇ ನೋಡುತ್ತ ಕೂತಳು. ಮೊದಲು ಒಂದೊಂದು ಕುಡಿ ಒಂದೊಂದು ಬಗೆಯಲ್ಲಿ ನಡುಗುತ್ತಿತ್ತು. ನೋಡನೋಡುತ್ತ ಒಂದರ ಬಿಸಿ ಇನ್ನೊಂದಕ್ಕೆ ತಾಕಿ, ಎಲ್ಲವೂ ಒಟ್ಟಿಗೆ ಏಳತೊಡಗಿದವು, ಒಟ್ಟಿಗೆ ಬಾಗತೊಡಗಿದವು. ಭಜನೆಗೆ ಕೂತವರ ಚಪ್ಪಾಳೆ ತಾನಾಗಿ ಒಂದೇ ತಾಳಕ್ಕೆ ಬರುವ ಹಾಗೆ. ಒಂದೇ ತಾಳಕ್ಕೆ ಬಂದ ಹಣತೆಗಳು ಕಟ್ಟಡದ ಕಣ್ಣಿಗೆ ಒಂದೇ ದೊಡ್ಡ ಉರಿ, ನಿಧಾನವಾಗಿ ತೂಗಾಡುವ ಉರಿ.

ಅವಳು ಹಣತೆಗಳನ್ನು ಬೆರಳಿನಿಂದ ಒಂದೊಂದಾಗಿ ದೂರ ಸರಿಸಿದಳು. ಗೇಣು ದೂರ ಹೋದದ್ದೇ ತಡ, ತಾಳ ಒಡೆದು ಚೆಲ್ಲಾಪಿಲ್ಲಿಯಾಯಿತು. ಕೆಂಪು ಗೆರೆ ಮಲಗಿತು.

“ಪೀರಣ್ಣ, ಯಂತ್ರ ದಡ್ಡಲ್ಲ. ನಮ್ಮ ಹೆಂಗಸರು ಒತ್ತಿ ನಿಲ್ತಾರೆ, ಅಷ್ಟೇ.”

“ಹಂಗಾದ್ರೆ ದೂರ ದೂರ ನಿಲ್ಲಿಸು.”

“ಗೌರಿ ಮುಂದೆ ಜಾಗ ಬಿಟ್ಟು ನಿಲ್ಲೋ ಹೆಂಗಸನ್ನ ತೋರಿಸು ನೀನು.”

ದಾದಾಪೀರ್ ಯೋಚಿಸಿದ. ತನ್ನ ಹೆಂಡತಿ ರೇಷನ್ ಅಂಗಡಿಯ ಮುಂದೆ ನಿಲ್ಲುವ ಬಗೆ ನೆನಪಿಗೆ ಬಂದಿರಬೇಕು, ಹಣತೆ ಒರೆಸತೊಡಗಿದ.

ನೀಲಾಂಬಿಕೆ ಎದ್ದು ಅಂಗಳಕ್ಕೆ ಬಂದಳು. ಕತ್ತೆತ್ತಿ ನೋಡಿದಳು. ಅಂಗಳದ ಸುತ್ತ ಒಂದರ ಮೇಲೊಂದು ಮೊಗಸಾಲೆಗಳು, ಅಂಚಿಗೆ ಕಟಾಂಜನದ ಕಂಬಿ ಹೊತ್ತು ಉಂಗುರಗಳ ಹಾಗೆ ಆಕಾಶದವರೆಗೂ ಏರಿಹೋಗಿದ್ದವು. ಅವಳಿಗೆ ಗುಡಿಯ ಮುಂದಿನ ದೀಪಮಾಲೆ ಕಂಬ ನೆನಪಾಯಿತು. ಇಡೀ ಗೋಪುರವೇ ಒಂದು ದೀಪಮಾಲೆ ಕಂಬವಾಗಿ ಅವಳೆದುರು ಬೆಳಗಿನ ಹೊತ್ತಿನಲ್ಲಿ ಬರಿದೇ ನಿಂತಿತ್ತು. ಗೌರಿ ಕೆಳಗೇ ಕೂರಲಿ. ಹೆಂಗಸರು ತಮ್ಮ ತಮ್ಮ ಮಹಡಿಯ ಕಟಾಂಜನದ ಬಳಿ ನಿಲ್ಲಲಿ. ಎಲ್ಲರಿಗೂ ಗೌರಿ ಕಾಣುತ್ತಾಳೆ, ಒಬ್ಬರಿಗೂ ಇನ್ನೊಬ್ಬರ ಮೊಣಕೈ ತಾಕುವುದಿಲ್ಲ.

ಒಪ್ಪಿಸುವುದಕ್ಕೆ ಮನೆಮನೆ ಸುತ್ತಿದಳು. ಆಗಲೇ ಇನ್ನೊಂದು ಸಂಗತಿ ಹೊರಗೆ ಬಿದ್ದದ್ದು. ಅಡುಗೆಮನೆಯ ಕಹಳೆಗೆ ಸದ್ದು ಒಯ್ಯುವ ಕೊಳವೆಯನ್ನು ಶುಚಿ ಮಾಡಲೆಂದು ಮೊಗಸಾಲೆಯ ಗೋಡೆಯಲ್ಲೊಂದು ಮುಚ್ಚಳ ಇತ್ತು. ಹನ್ನೊಂದನೇ ಮಹಡಿಯಲ್ಲಿ ಅದು ಓರೆಯಾಗಿ ಕೂತಿತ್ತು. ತೆಗೆದು ನೋಡಿದರೆ ಒಳಗೆ ಹತ್ತಿ. ಹದಿನಾಲ್ಕರಲ್ಲೂ ಹತ್ತಿ. ಆರರಲ್ಲೂ ಹತ್ತಿ. ಹಬ್ಬಕ್ಕೆ ಕಹಳೆಯ ಗಂಟಲು ಕಟ್ಟಲೆಂದು ಗೋಪುರದಲ್ಲಿದ್ದ ಹಳೆಯ ಮಿಲ್ಲಿನ ಕೆಲಸಗಾರರ ಮನೆತನದವರು ತಮಗೆ ಗೊತ್ತಿದ್ದ ಉಪಾಯ ಮಾಡಿದ್ದರು. ಮಿಲ್ಲಿನ ಯಂತ್ರಗಳ ಅಬ್ಬರಕ್ಕೆ ಅವರ ಅವ್ವ ಅಪ್ಪಂದಿರು ಕಿವಿಗೆ ಅರಳೆ ಇಟ್ಟುಕೊಂಡು ದುಡಿದವರಲ್ಲವೇ.

“ಬೆಂಕಿ ಆರಿಸೋ ಕೊಳವೆಗೆ ಹತ್ತಿ ತುರುಕ್ಯಾರಲ್ಲ, ಇವರನ್ನ ಏನಂತ ಬಯ್ಯಲಿ?” ಎಂದು ನೀಲಾಂಬಿಕೆ ತಲೆ ಹಿಡಿದುಕೊಂಡಳು. ದಾದಾಪೀರ್ ಚೀಲ ಹಿಡಿದು ಹಿಂದೆ ಹಿಂದೆ ಬಂದ. “ಬಯ್ಯಬ್ಯಾಡ, ತುಂಬ್ಕೊ. ಒಂದು ದಿಂಬಾಗ್ತೈತೆ.”

ಪ್ರತಿ ಮಹಡಿಯನ್ನೂ ಹುಡುಕಿದರು. ಒಂಬತ್ತನೆಯದಕ್ಕೆ ಬಂದಾಗ ನೀಲಾಂಬಿಕೆ ನೆರೆಮನೆಗಳ ಮುಚ್ಚಳಗಳನ್ನೆಲ್ಲ ತೆರೆದು ನೋಡಿದಳು. ತನ್ನ ಮನೆಯದನ್ನು ಮಾತ್ರ ತೆರೆಯಲಿಲ್ಲ. ಅಗ್ನಿಕೋಣೆಯವಳ ಮನೆಯಲ್ಲಿ ಅಂಥದ್ದು ಯಾರು ಮಾಡಿಯಾರು?

*

ಹುಣ್ಣಿಮೆಯ ಸಂಜೆ ಗುರುಸಿದ್ಧವ್ವ ಹರಿಹರದಿಂದ ಮಂದಿ ಕಟ್ಟಿಕೊಂಡು ಬಂದಳು. ಇಸ್ತ್ರಿ ಹಾಕಿದ ಹಸಿರು ಇಳಕಲ್ ಸೀರೆ ಸರಬರ ಎನ್ನುತ್ತಿತ್ತು. ಅವಳಿಗೆ ಅಂಗಳದ ನಡುವೆ, ಗೌರಿಯ ಪಕ್ಕದಲ್ಲಿ, ಕುರ್ಚಿ ಹಾಕಿದ್ದರು. ಎದುರಿಗೆ ಶಿವಲೀಲಾ ಒಬ್ಬಳೇ ತಟ್ಟೆ ಹಿಡಿದು ನಿಂತಿದ್ದಳು.

“ಉಳಿದೋರೆಲ್ಲ ಎಲ್ಲಿ?” ಎಂದಳು ಮುದುಕಿ.

“ಮೇಲೆ ನೋಡಿ, ಅಜ್ಜಿ.”

ಗುರುಸಿದ್ಧವ್ವ ಮೇಲೆ ನೋಡಿದಳು. ಒಂದೊಂದೇ ಮಹಡಿಯ ಕಟಾಂಜನದಲ್ಲಿ ದೀಪಗಳು ಹತ್ತಿಕೊಳ್ಳುತ್ತ ಏರುತ್ತಿದ್ದವು, ಉಂಗುರದ ಮೇಲೆ ಉಂಗುರ. ಕೊನೆಯ ಉಂಗುರ ಬೆಳಗುವ ಹೊತ್ತಿಗೆ ಅದರ ಮೇಲಿನ ಆಕಾಶಕ್ಕೆಲ್ಲ ಹುಣ್ಣಿಮೆಯ ಬೆಳಕು ಹಬ್ಬಿತ್ತು. ಮುದುಕಿ ಬಾಯಿಗೆ ಸೆರಗು ಹಿಡಿದುಕೊಂಡಳು, ಕತ್ತು ನೋಯುತ್ತಿದ್ದರೂ ಇಳಿಸಲಿಲ್ಲ.

ಒಂಬತ್ತನೇ ಮಹಡಿಯಿಂದ ಹಾಲಮ್ಮ ಹಾಡು ಎತ್ತಿದಳು. ಅವಳು ಎತ್ತಿದ ನುಡಿಗೆ ಕೆಳಗಿನವರು ಸೊಲ್ಲು ಕೂಡಿಸಿದರು, ಕೆಳಗಿನವರಿಗೆ ಮೇಲಿನವರು. ಅಂಗಳವೇ ಒಂದು ಕೊಳಲಿನ ಹಾಗೆ ಆ ಹಾಡನ್ನು ಮೇಲಕ್ಕೆ ಒಯ್ಯಿತು.

ನೀಲಾಂಬಿಕೆ ಅಗ್ನಿಕೋಣೆಯಲ್ಲಿದ್ದಳು. ಬಾಗಿಲು ತೆರೆದಿಟ್ಟುಕೊಂಡಿದ್ದಳು, ಹಾಡು ಕೇಳಲೆಂದು, ನಾದಿನಿಯ ತಟ್ಟೆ ಕಾಣಲೆಂದು. ಪರದೆಗಳ ತುಂಬ ಚುರುಕು ಗೆರೆಗಳು, ಒಂದಕ್ಕೊಂದು ಸಂಬಂಧವಿಲ್ಲದೆ ಮಿಡಿಯುತ್ತಿದ್ದವು. ಕಟ್ಟಡ ದೀಪ, ದೀಪ, ದೀಪ ಎನ್ನುತ್ತಿತ್ತು.

“ಎಷ್ಟು ಚೆಂದ ನೋಡು,” ಎಂದ ದಾದಾಪೀರ್. ಮರುಗಳಿಗೆಗೆ ಅವನೇ, “ನೀಲವ್ವ, ಅದೇನದು?” ಎಂದ.

ಒಂದು ಗೆರೆ ನಿಧಾನವಾಗಿ ತೂಗಾಡುತ್ತ ಎದ್ದಿತ್ತು. ಒಂಬತ್ತನೇ ಮಹಡಿ. ಅಡುಗೆಮನೆ. ನೀಲಾಂಬಿಕೆಯ ಅಡುಗೆಮನೆ.

ಗಂಡಿನವರಿಗೆ ಬಿಸಿ ಮೆಣಸಿನಕಾಯಿ ಬಜ್ಜಿ ಕರಿಯಲೆಂದು ಹಾಲಮ್ಮ ಬಾಣಲೆಗೆ ಎಣ್ಣೆ ಸುರಿದು ಒಲೆ ಹೊತ್ತಿಸಿದ್ದಳು. ಹಾಡು ಶುರು ಮಾಡ್ಬಾ ಎಂದು ಯಾರೋ ಕರೆದರು. ಬಂದವಳು ಎಣ್ಣೆಯನ್ನು ಮರೆತಳು. ಅದು ಕಾದು ಕಾದು ತಾನೇ ಹತ್ತಿಕೊಂಡಿತ್ತು. ಕಟ್ಟಡ ತಟ್ಟನೆ ಗ್ಯಾಸ್ ನಿಲ್ಲಿಸಿತು, ಅಡುಗೆಮನೆಯ ಬಾಗಿಲು ಮುಚ್ಚಿತು, ಕಹಳೆ ಊದಿತು. ಗೆರೆ ಮಾತ್ರ ಇಳಿಯಲಿಲ್ಲ.

“ಕಹಳೆ ಊದ್ತೈತೆ, ಸದ್ದು ಒಳಗೆ ಹೋಗ್ತಿಲ್ಲ,” ಎಂದಳು ನೀಲಾಂಬಿಕೆ. ಹೇಳುವಾಗಲೇ ಅವಳಿಗೆ ತಿಳಿಯಿತು. ತೆರೆದು ನೋಡದ ಒಂದೇ ಒಂದು ಮುಚ್ಚಳ.

ಮನೆಯ ಕಹಳೆ ಎರಡು ನಿಮಿಷದೊಳಗೆ ಉರಿ ಆರಿಸದೆ ಸೋತರೆ ಅಂಗಳದ ದೊಡ್ಡ ಕಹಳೆ ತಾನಾಗಿ ಏಳಬೇಕು; ಕಟ್ಟಡವನ್ನು ಕಟ್ಟಿದ್ದೇ ಹಾಗೆ. ಅದು ಎದ್ದರೆ ಬಾಣಲೆಯ ಬೆಂಕಿ ಆರುತ್ತದೆ, ಜೊತೆಗೆ ಇಪ್ಪತ್ತೆರಡು ಉಂಗುರಗಳೂ ಆರುತ್ತವೆ, ಶಿವಲೀಲಾಳ ಕೈಯಲ್ಲಿನದೂ. ಪರದೆಯ ಕೆಳಗೆ ಅದನ್ನು ತಡೆದು ಹಿಡಿಯುವ ಹಳದಿ ಗುಂಡಿ ಮಿನುಗುತ್ತಿತ್ತು. ನೀಲಾಂಬಿಕೆಯ ಬೆರಳು ಅದರ ಮೇಲೇ ಇತ್ತು. ತೆರೆದ ಬಾಗಿಲಿನಿಂದ ನಾದಿನಿ ಕಾಣುತ್ತಿದ್ದಳು. ದೀಪದ ಬೆಳಕಿಗೆ ಅವಳ ಗಲ್ಲ ಸಕ್ಕರೆ ಗೊಂಬೆಯ ಹಾಗೆ ಹೊಳೆಯುತ್ತಿತ್ತು.

ನೀಲಾಂಬಿಕೆ ಬೆರಳು ತೆಗೆದಳು. ದೊಡ್ಡ ಕಹಳೆಯನ್ನು ಅದರ ಪಾಡಿಗೆ ಬಿಟ್ಟು, ಒಂಬತ್ತನೇ ಮಹಡಿಯ ಧ್ವನಿವರ್ಧಕವನ್ನು ಹಚ್ಚಿದಳು. ಅವಸರದಲ್ಲಿ ಎಲ್ಲ ಮಹಡಿಗಳವೂ ಚಾಲೂ ಆದವು.

“ಅತ್ತೆ, ಬಾಣಲೆ ಹತ್ಕೊಂಡೈತೆ. ಒಳಗೆ ಹೋಗಬ್ಯಾಡಿ. ಕೊಳವೆಗೆ ನೀವು ತುರುಕಿದ್ದನ್ನ ಮೊಗಸಾಲೆ ಕಡೆಯಿಂದ ಎಳೀರಿ.”

ಇಡೀ ಗೋಪುರ ಕೇಳಿತು. ಹರಿಹರದವರೂ ಕೇಳಿದರು. ಹಾಡು ಅರ್ಧ ನುಡಿಗೆ ಜೋತುಬಿತ್ತು.

ಹಾಲಮ್ಮ ತುರುಕಿಲ್ಲ ಎನ್ನಲಿಲ್ಲ, ಯಾಕೆ ಎನ್ನಲಿಲ್ಲ. ತಟ್ಟೆಯನ್ನು ಪಕ್ಕದವಳ ಕೈಗಿಟ್ಟು ಎರಡು ಹೆಜ್ಜೆಗೆ ಗೋಡೆ ಸೇರಿದಳು. ಮುಚ್ಚಳ ಕಿತ್ತು, ಸುಟ್ಟ ಕಲೆಯ ಎಡಗೈಯನ್ನು ಭುಜದವರೆಗೆ ಕೊಳವೆಗೆ ಹಾಕಿದಳು. ಹತ್ತಿ ಬಂತು, ಇನ್ನಷ್ಟು ಬಂತು, ಎಳೆದಷ್ಟೂ ಬಂತು. ಗಟ್ಟಿಯಾಗಿ ತುಂಬುವುದರಲ್ಲಿ ಮಿಲ್ಲಿನವರಿಗೆ ಸಮ ಯಾರೂ ಇಲ್ಲ. ಹಾಡನ್ನೂ ಅವಳು ಅಲ್ಲಿಗೇ ಬಿಡಲಿಲ್ಲ. ನಿಂತಿದ್ದ ನುಡಿಯನ್ನು ಏದುಸಿರಿನಲ್ಲೇ ಮತ್ತೆ ಎತ್ತಿದಳು. ಇತರರೂ ಗಾಬರಿಯಲ್ಲೇ ಸೊಲ್ಲು ಕೂಡಿಸಿದರು.

ಕೊನೆಯ ಉಂಡೆ ಹೊರಬಂದಾಗ ಕಹಳೆಯ ಗಂಟಲು ತೆರೆಯಿತು. ಗುಂಯ್ ಎಂಬ ಆಳದ ಸ್ವರ ಅಡುಗೆಮನೆಯನ್ನು ತುಂಬಿ, ಗೋಡೆಗಳಿಗೆ ಇಳಿದು, ಅಂಗಳಕ್ಕೂ ಹಬ್ಬಿತು. ಒಂಬತ್ತನೇ ಉಂಗುರದ ದೀಪಗಳೆಲ್ಲ ಒಮ್ಮೆ ಬಾಗಿದವು. ಕೆಳಗೆ ಶಿವಲೀಲಾಳ ದೀಪವೂ ಬಾಗಿತು, ಬತ್ತಿಯ ತುದಿಗೆ ನೀಲಿಯಾಗಿ ಅಂಟಿಕೊಂಡಿತು. ಶಿವಲೀಲಾ ಉಸಿರು ಬಿಡಲಿಲ್ಲ. ಗುರುಸಿದ್ಧವ್ವ ತನಗೇ ಗೊತ್ತಿಲ್ಲದೆ ಕುರ್ಚಿಯಿಂದ ಎದ್ದು ಎರಡೂ ಕೈಯನ್ನು ಆ ದೀಪಕ್ಕೆ ಮರೆ ಹಿಡಿದಿದ್ದಳು.

ಪರದೆಯ ಮೇಲೆ ನಿಧಾನದ ಗೆರೆ ನಡುಗಿ, ಕುಗ್ಗಿ, ಮಲಗಿತು. ದೊಡ್ಡ ಕಹಳೆ ಏಳಲೇ ಇಲ್ಲ. ಶಿವಲೀಲಾಳ ದೀಪ ಬೆನ್ನು ನೆಟ್ಟಗೆ ಮಾಡಿ ನಿಂತಿತು.

ಹಾಡು ಮುಗಿಯುವವರೆಗೂ ಆ ಕಹಳೆಯ ಸ್ವರ ಸಣ್ಣಗೆ ಉಳಿದಿತ್ತು, ಹಿಂದೆ ಕೂತು ಯಾರೋ ಶ್ರುತಿ ಹಿಡಿದ ಹಾಗೆ. ಮೂರನೇ ಮಹಡಿಯಲ್ಲಿ ಅಳುತ್ತಿದ್ದ ಕೂಸೊಂದು ನಿದ್ದೆ ಹೋಯಿತು.

*

ಬಜ್ಜಿಯಿಲ್ಲದ ಊಟವಾದ ಮೇಲೆ ಗುರುಸಿದ್ಧವ್ವ ಅಗ್ನಿಕೋಣೆಗೆ ಬಂದಳು. ಪರದೆಗಳನ್ನು ಒಂದು ಸುತ್ತು ನೋಡಿದಳು.

“ಅಲ್ಲಮ್ಮ, ನಿಮ್ಮತ್ತೆ ಹತ್ತಿ ತೆಗೀದೇ ಹೋಗಿದ್ರೆ?”

“ದೊಡ್ಡ ಕಹಳೆ ಎಲ್ಲಾ ದೀಪ ಆರಿಸ್ತಿತ್ತು, ಅಜ್ಜಿ.”

“ನಿನ್ನ ನಾದಿನೀದೂ?”

“ಅವಳದ್ದೂ.”

“ತಡೆಯೋ ಗುಂಡಿ ಇರಲಿಲ್ಲೇನು?”

“ಇತ್ತು. ಮುಟ್ಟಲಿಲ್ಲ.”

ಮುದುಕಿ ಕುರ್ಚಿ ಎಳೆದುಕೊಂಡು ಕೂತಳು. ದಾದಾಪೀರ್ ಅವಳ ಮುಂದೆ ಚಹಾ ಇಟ್ಟ. ಅವಳು ಅದನ್ನು ತಟ್ಟೆಗೆ ಸುರಿದುಕೊಂಡು ಊದಿ ಊದಿ ಕುಡಿದಳು.

“ಹೋದ ವರ್ಷ ನಾನು ಹಂಗಂದು ಹೋಗಿ ಮನೇಲಿ ಒಂದು ದಿನಾನೂ ಸರಿ ನಿದ್ದೆ ಮಾಡ್ಲಿಲ್ಲ,” ಎಂದಳು ಕೊನೆಗೆ. “ನಮ್ಮ ಮುರುಗೇಶ ನನ್ನ ಕೂಡ ಮಾತು ಬಿಟ್ಟಿದ್ದ. ಇವತ್ತು ಆರಿದ್ರೂ ಮದುವೆ ಮಾತೇ ಆಡ್ಬೇಕಂತ ಹೊಸ ಸೀರೆ ಉಟ್ಕೊಂಡು ಬಂದಿದ್ದೆ. ನಿಂತಿದ್ದು ಒಳ್ಳೇದಾಯ್ತು, ನನ್ನ ಮಾನ ಉಳೀತು.” ಚಹಾ ಮುಗಿಸಿ ತಟ್ಟೆ ಕೆಳಗಿಟ್ಟಳು. “ಮದುವೆ ಇದೇ ಅಂಗಳದಾಗೆ ಆಗ್ಲಿ. ದೀಪ ಹಿಂಗೇ ಮೇಲಿನತನಕ ಹಚ್ಚಬೇಕು. ಮತ್ತೆ ಹರಿಹರದ ನಮ್ಮ ಅಡುಗೆಮನೆಗೂ ಒಂದು ಕಹಳೆ ಕೂರಿಸಿಕೊಡು. ನಾನೂ ಎಣ್ಣೆ ಮರೀತೀನಿ, ಯಾರಿಗೂ ಹೇಳಿಲ್ಲ.”

ನೀಲಾಂಬಿಕೆ ಮನೆಗೆ ಹೋದಾಗ ಅಡುಗೆಮನೆಯ ಗೋಡೆಯಲ್ಲಿ ಮಸಿಯ ಒಂದು ದೊಡ್ಡ ನಾಲಿಗೆ ಅಂಟಿತ್ತು, ಅಷ್ಟೇ. ಹಾಲಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ಸೊಸೆಯ ಮುಖ ನೋಡಲಿಲ್ಲ.

“ಬೈಯೋದಿದ್ರೆ ಬೈದುಬಿಡು.”

“ಇಡೀ ಗೋಪುರಕ್ಕೆ ಕೇಳೋ ಹಂಗೆ ಆಗ್ಲೇ ಬೈದಾಯ್ತಲ್ಲ, ಅತ್ತೆ.”

“ಅದಕ್ಕೇ ನಾಳಿನ ಸಭೇಲಿ ಮೊದಲು ಕೈ ಎತ್ತೋದು ನಾನೇ. ಕಹಳೆ ಇರಬೇಕು ಅಂತ.” ಹಾಲಮ್ಮ ಮೂಗು ಒರೆಸಿಕೊಂಡಳು. “ಎಲ್ಲಾರೂ ನಗ್ತಾರೆ. ನಗ್ಲಿ.”

ನೀಲಾಂಬಿಕೆ ಪಕ್ಕದಲ್ಲಿ ಕೂತಳು. ಆಮೇಲೆ ಕಂಡಳು, ಅತ್ತೆಯ ಮಡಿಲ ತುಂಬ ಕೊಳವೆಯಿಂದ ಎಳೆದ ಹತ್ತಿ. ಪಕ್ಕದಲ್ಲಿ ದಾದಾಪೀರನ ಚೀಲವೂ ಇತ್ತು. ಅದರ ಬಾಯಿ ಬಿಚ್ಚಿತ್ತು. ಹಾಲಮ್ಮ ಹತ್ತಿಯ ಧೂಳು ಕೊಡವಿ, ಎಳೆ ಬಿಡಿಸಿ, ಅಂಗೈಗೆ ಚೂರು ಬೂದಿ ತಾಕಿಸಿಕೊಂಡು, ತೊಡೆಯ ಮೇಲೆ ಹೊಸೆಯುತ್ತಿದ್ದಳು. ಹೊಸೆದ ಬತ್ತಿಗಳು ಮೊರದಲ್ಲಿ ಸಾಲಾಗಿ ಬಿದ್ದಿದ್ದವು.

“ಮದುವೆಗೆ ಎಷ್ಟು ದೀಪ ಬೇಕಾಗ್ತೈತೋ ಏನೋ,” ಎಂದಳು ಹಾಲಮ್ಮ. “ನೀನೂ ಕೂತ್ಕೊಂಡು ಒಂದಿಷ್ಟು ಹೊಸಿ.”